ಬುಡಕ್ಕೆ ಮಣ್ಣು ಬಿಡಿ, ಆಮೇಲೆ ಸಸಿ ನೆಡಿ

ಊರು ಬೆಳೆದಂತೆ ಮರ ಸೊರಗುತ್ತದೆ ಎಂಬ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಜರ್ಮನಿಯ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನ ಹತ್ತು ನಗರಗಳ ಒಳಗೂ ಹೊರಗೂ ಸುಮಾರು 1,400 ಮರಗಳನ್ನು ಅಳೆದು, 2017ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರ ಪ್ರಕಾರ 50 ವರ್ಷದ ನಗರದ ಮರ ಅದೇ ವಯಸ್ಸಿನ ಹಳ್ಳಿಗಾಡಿನ ಮರಕ್ಕಿಂತ ಸರಾಸರಿ ಕಾಲು ಭಾಗದಷ್ಟು ದೊಡ್ಡದಿರುತ್ತದೆ. ಉತ್ತರದ ಚಳಿನಾಡಿನಲ್ಲಿ ಮರಕ್ಕಿರುವ ದೊಡ್ಡ ಕೊರತೆ ಶಾಖದ್ದು. ಊರಿನ ಬಿಸಿ ಅಲ್ಲಿ ಚಿಗುರುವ ದಿನಗಳನ್ನು ಹೆಚ್ಚಿಸುತ್ತದೆ.

ಚಿತ್ರದುರ್ಗದ ಲೆಕ್ಕವೇ ಬೇರೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಈ ಬಯಲುಸೀಮೆಯಲ್ಲಿ ಶಾಖಕ್ಕೆ ಬರವಿಲ್ಲ, ಬರವಿರುವುದು ನೀರಿಗೆ. ಗಾಳಿ ಕಾದಷ್ಟೂ ಎಲೆಯಿಂದ ತೇವ ಹೆಚ್ಚು ಆರುತ್ತದೆ. ನೀರು ಉಳಿಸಿಕೊಳ್ಳಲು ಮರ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡರೆ ಆಹಾರ ತಯಾರಿಕೆ ಕುಂದಿ ಬೆಳವಣಿಗೆಯೂ ಕುಂಠಿತವಾಗುತ್ತದೆ. ಇದರ ಮೇಲೆ ಪೇಟೆಯಲ್ಲಿ ಬುಡದವರೆಗೂ ಕಾಂಕ್ರೀಟ್ ಸುರಿದರೆ ಬಿದ್ದ ಮಳೆಯೂ ಬೇರಿಗೆ ದಕ್ಕದೆ ಚರಂಡಿ ಸೇರುತ್ತದೆ. ಚರಂಡಿ ತೋಡಲು ಬಂದ ಜೆಸಿಬಿ ಒಂದು ಬದಿಯ ಬೇರುಗಳನ್ನೇ ಕಡಿದರೆ, ಆ ಪೆಟ್ಟು ಗೊತ್ತಾಗುವುದು ಮುಂದಿನ ಬೇಸಿಗೆಯಲ್ಲಿ ತುದಿಕೊಂಬೆ ಒಣಗಿದಾಗ. ತಾಪ ಏರುತ್ತಿರುವ ಕಾಲದಲ್ಲಿ ಒಣನಾಡಿನ ಪಟ್ಟಣ ಹೀಗೆ ಮರವನ್ನು ಎರಡೂ ಕಡೆಯಿಂದ ಹಿಂಡುತ್ತದೆ.

ಬೇವು, ಹೊಂಗೆ, ಹುಣಸೆ ಬರಕ್ಕೆ ಜಗ್ಗುವ ಮರಗಳಲ್ಲ ಎನ್ನಬಹುದು. ನಿಜ. ಆದರೆ ಆ ಗಟ್ಟಿತನ ಇರುವುದು ಆಳಕ್ಕೂ ಅಗಲಕ್ಕೂ ಹೋಗುವ ಬೇರಿನಲ್ಲಿ. ಬೇರು ಕಡಿದ ಮೇಲೆ ಜಾತಿಯ ಹೆಸರು ಕಾಯುವುದಿಲ್ಲ. ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ, 89 ವರ್ಷಗಳ ನಂತರ, ಕೋಡಿ ಬಿದ್ದಿತಲ್ಲ ಎಂಬುದು ಇನ್ನೊಂದು ಸಮಾಧಾನ. ಆ ನೀರು ಹಿರಿಯೂರಿನ ತೆಂಗು, ಅಡಿಕೆಯ ತೋಟಗಳಿಗೆ ಆಸರೆ. ರಸ್ತೆ ಬದಿಯ ಮರಕ್ಕೆ ನಾಲೆಯಿಲ್ಲ, ತನ್ನ ಪಾತಿಗೆ ಇಂಗಿದಷ್ಟೇ ಅದರ ಪಾಲು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಒಂದು ಒಳ್ಳೆಯ ಮಳೆಗಾಲವನ್ನು ನಂಬಿ ಮರದ ಆಯಸ್ಸನ್ನು ಲೆಕ್ಕ ಹಾಕಲಾಗದು.

ಹಾಗೆಂದು ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗಗಳ ರಸ್ತೆ ಅಗಲವಾಗಬಾರದೆಂದಲ್ಲ. ಕಡಿದ ಮರಕ್ಕೆ ಬದಲಾಗಿ ಸಸಿ ನೆಡುತ್ತೇವೆ ಎಂಬ ಉತ್ತರವಷ್ಟೇ ಸಾಲದು. ದೊಡ್ಡ ಹುಣಸೆಮರದ ನೆರಳಿಗೆ ಮೊಳದುದ್ದದ ಸಸಿ ಇಂದು ಸಾಟಿಯಲ್ಲ, ಬಿಸಿ ಏರಿದಷ್ಟೂ ಅದು ಮರವಾಗುವ ದಾರಿ ಕಷ್ಟವಾಗುತ್ತದೆ. ಪುರಸಭೆ, ನಗರಸಭೆಗಳ ಕಾಮಗಾರಿಯ ಅಂದಾಜುಪಟ್ಟಿಯಲ್ಲೇ ಪ್ರತಿ ಮರದ ಸುತ್ತ ತೆರೆದ ಮಣ್ಣಿಗೆ ಜಾಗ, ಮಳೆನೀರು ಪಾತಿಗೆ ತಿರುಗುವ ಇಳಿಜಾರು ಸೇರಬೇಕು. ನೆಟ್ಟ ಸಸಿಗಳ ಸಂಖ್ಯೆಗೆ ಬಿಲ್ ಪಾಸಾಗುವ ಬದಲು, ಮೂರು ಬೇಸಿಗೆ ದಾಟಿ ಬದುಕಿದವುಗಳ ಸಂಖ್ಯೆಗೆ ಹಣ ಸಂದಾಯವಾಗಲಿ.