ಕಟಾವು ಚೀಟಿ ಯಾರ ಕೈಯಲ್ಲಿರಬೇಕು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆ ನಡೆಸುವ ಮೂರು ಪದ್ಧತಿಗಳನ್ನು ನೋಡಬಹುದು. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆ ರೈತರ ಸಹಕಾರಿ. ಮುನವಳ್ಳಿಯದು ರೇಣುಕಾ ಶುಗರ್ಸ್ ಕಂಪನಿ. ರಾಮದುರ್ಗ ತಾಲ್ಲೂಕಿನ ಖಾನಪೇಟೆಯಲ್ಲಿ ಧನಲಕ್ಷ್ಮಿ ಸಹಕಾರಿಯ ಕಾರ್ಖಾನೆಯನ್ನು ಪ್ಯಾರಿ ಕಂಪನಿ ಲೀಜಿನ ಮೇಲೆ ನಡೆಸಿತು.

ಪದ್ಧತಿ ಬದಲಾದರೆ ನೌಕರ ಹೇಗೆ ಬದಲಾಗುತ್ತಾನೆ ಎನ್ನುವುದು ಕಾರ್ಖಾನೆಯ ಪರವಾಗಿ ಕಬ್ಬಿನ ಹೊಲ ನೋಡಿಕೊಳ್ಳುವ ಫೀಲ್ಡ್‌ಮನ್‌ನನ್ನು ನೋಡಿದರೆ ತಿಳಿಯುತ್ತದೆ. ಕೆಲಸ ಎಲ್ಲ ಕಡೆಯೂ ಒಂದೇ: ನಾಟಿಯ ತಾರೀಖು, ತಳಿ, ಲಾವಣಿಯೋ (ಹೊಸ ನಾಟಿ) ಕುಳೆಯೋ (ಹಳೆ ಬುಡದ ಮರುಬೆಳೆ) ಎಂದು ಬರೆದುಕೊಳ್ಳುವುದು, ಹಂಗಾಮಿನಲ್ಲಿ ಸರದಿಯಂತೆ ಕಟಾವು ಚೀಟಿ ಕೊಟ್ಟು ಕಬ್ಬು ಕಡಿಯುವ ಗ್ಯಾಂಗ್ ಕಳಿಸುವುದು. ಚೀಟಿ ತಡವಾದರೆ ನಿಂತ ಕಬ್ಬು ಹೂ ಬಿಟ್ಟು ಬೆಂಡಾಗುತ್ತದೆ, ತೂಕ ಕಳೆದುಕೊಳ್ಳುತ್ತದೆ. ಗೋದಿಗೋ ಕಡಲೆಗೋ ಹೊಲ ಖಾಲಿಯಾಗುವುದೂ ಇಲ್ಲ. ಹಾಗಾಗಿ ಆ ಚೀಟಿಯೇ ರೈತನ ವರ್ಷದ ಆದಾಯ.

ಸಹಕಾರಿಯಲ್ಲಿ ಎಷ್ಟೇ ಷೇರಿದ್ದರೂ ಸದಸ್ಯನಿಗೆ ಒಂದೇ ಮತ. ಐದು ವರ್ಷಕ್ಕೊಮ್ಮೆ ಆಡಳಿತ ಮಂಡಳಿ ಅವನ ಮನೆ ಬಾಗಿಲಿಗೆ ಬರಲೇಬೇಕು. ಆದ್ದರಿಂದ ಎರಡೆಕರೆಯವನನ್ನೂ ಫೀಲ್ಡ್‌ಮನ್ ಕೂರಿಸಿ ಮಾತಾಡಿಸುತ್ತಾನೆ. ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ಮತದ ಲೆಕ್ಕ ಚೀಟಿಯೊಳಗೂ ಇಳಿಯುತ್ತದೆ. ನಿರ್ದೇಶಕರ ಕಡೆಯಿಂದ ‘ಇವಂದು ಪೈಲಾ ಕಡಸ್ರಿ’ ಎಂದು ಫೋನ್ ಬಂದರೆ, ತನ್ನ ನೌಕರಿಯೂ ಬಡ್ತಿಯೂ ಅದೇ ಮಂಡಳಿಯ ಕೈಯಲ್ಲಿರುವವನು ಇಲ್ಲವೆನ್ನುವುದು ಹೇಗೆ? ಅವನ ಸ್ವಭಾವವನ್ನು ದೂರಿ ಫಲವಿಲ್ಲ. ಅವನನ್ನು ನಿಲ್ಲಿಸಿದ ಜಾಗವೇ ಅಂಥದು.

ಕಂಪನಿಯ ಫೀಲ್ಡ್‌ಮನ್ ಉತ್ತರ ಹೇಳಬೇಕಾದದ್ದು ಕಬ್ಬಿನ ವಿಭಾಗದ ಮ್ಯಾನೇಜರಿಗೆ. ದಿನಕ್ಕೆ ಇಷ್ಟು ಟನ್ ಬರಬೇಕು, ಕಡಿದ ಕಬ್ಬು ಒಣಗದೆ ಗಾಣ ಸೇರಬೇಕು. ಇಲ್ಲಿ ಶಿಫಾರಸಿಗೆ ಎಡೆ ಕಡಿಮೆ, ಕೆಲಸ ಚುರುಕು. ಆದರೆ ಟಾರ್ಗೆಟ್ ಮುಟ್ಟುವ ಅವಸರದಲ್ಲಿ, ಗಾಡಿ ಸಲೀಸಾಗಿ ಹೋಗುವ ದೊಡ್ಡ ಪ್ಲಾಟೇ ಮೊದಲು ಕಣ್ಣಿಗೆ ಬೀಳುತ್ತದೆ. ಕೆಸರು ದಾರಿಯ ಒಂದೆಕರೆ ಹಿಂದೆ ಉಳಿಯುತ್ತದೆ. ಆ ರೈತ ಕೇಳುವುದು ಯಾರನ್ನು? ಕಂಪನಿಯ ಷೇರಿಲ್ಲದಿದ್ದರೆ ವಾರ್ಷಿಕ ಸಭೆಯಲ್ಲಿ ಎದ್ದು ನಿಲ್ಲುವ ಹಕ್ಕು ಅವನಿಗಿಲ್ಲ. ಉಳಿದದ್ದು ಗೇಟಿನ ಮುಂದಿನ ಧರಣಿ. ಬಾಕಿ ಬಿಲ್ಲಿನ ವಿಷಯದಲ್ಲಾದರೂ 1966ರ ಕಬ್ಬು ನಿಯಂತ್ರಣ ಆದೇಶವಿದೆ: ಹದಿನಾಲ್ಕು ದಿನದೊಳಗೆ ಹಣ ಕೊಡಬೇಕು, ಅದು ಎಲ್ಲ ಕಾರ್ಖಾನೆಗಳಿಗೂ ಒಂದೇ. ಸರದಿಯ ವಿಷಯದಲ್ಲಿ ಅವನ ಕೈಯಲ್ಲಿ ಅಂಥ ಬಲವಾದ ಆಧಾರವಿಲ್ಲ.

ಲೀಜ್ ಪದ್ಧತಿ ಎರಡರ ಒಳ್ಳೆಯದನ್ನೂ ಕೂಡಿಸಬೇಕಿತ್ತು. ಆದರೆ ಅಲ್ಲಿ ಮಾಲೀಕರು ಸದಸ್ಯರಾದರೂ ನೌಕರನಿಗೆ ಆಜ್ಞೆ ಕೊಡುವುದು ಕಂಪನಿ. ದೂರು ಕೇಳಬೇಕಾದ ಮಂಡಳಿಗೆ ಅಧಿಕಾರವಿಲ್ಲ, ಅಧಿಕಾರವಿದ್ದ ಕಂಪನಿಗೆ ಮತದಾರರಿಲ್ಲ.

ನನ್ನ ಒಲವು ಸಹಕಾರಿಯ ಕಡೆಗೇ, ಒಂದು ಷರತ್ತಿನ ಮೇಲೆ. ಸರದಿಯ ನಿಯಮವನ್ನು ಮಂಡಳಿ ಹಂಗಾಮಿಗೆ ಮುಂಚೆ ಮಾಡಿ ಕೈ ತೊಳೆದುಕೊಳ್ಳಲಿ. ನಾಟಿಯ ತಾರೀಖಿನಂತೆ ಯಾದಿ ಪ್ರತಿ ಊರಿನ ಪಂಚಾಯ್ತಿ ಗೋಡೆಯ ಮೇಲಿರಲಿ. ಸರದಿ ತಪ್ಪಿಸಬೇಕಾದರೆ ತಪ್ಪಿಸುವವರು ಕಾರಣ ಬರೆದು ಸಹಿ ಹಾಕಲಿ. ಇಷ್ಟಾದರೆ ಫೋನ್ ಬಂದಾಗ ಫೀಲ್ಡ್‌ಮನ್ ‘ಯಾದಿ ಗ್ವಾಡಿ ಮ್ಯಾಲ ಐತ್ರಿ ಸಾಹೇಬ್ರ, ಅವರ ನಂಬರ್ ಇನ್ನೂ ಬಂದಿಲ್ಲ’ ಎಂದು ನೌಕರಿಯ ಭಯವಿಲ್ಲದೆ ಹೇಳಬಲ್ಲ. ಕಂಪನಿಗಳಿಗೂ ಈ ಯಾದಿ ಹಚ್ಚಲು ಅಡ್ಡಿಯೇನಿಲ್ಲ.