ನಿಯಮ ದೊಡ್ಡದೋ, ಪ್ರೀತಿ ದೊಡ್ಡದೋ?

ಗೆಳೆಯರೇ, ಬೈಬಲ್‌ನಲ್ಲಿ, ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ, 18 ವರ್ಷ ಬೆನ್ನು ಬಾಗಿಹೋಗಿದ್ದ ಒಬ್ಬ ತಾಯಿಯ ಕಥೆ ಇದೆ. ಅವಳು ಕೇಳದಿದ್ದರೂ ಯೇಸುವೇ ಕರೆದು ಗುಣಪಡಿಸಿದರು. ಕೃಪೆ ಅಂದರೆ ಅದು. ಆದರೆ ಅಂದು ಸಬ್ಬತ್, ಯೆಹೂದಿಗಳ ವಿಶ್ರಾಂತಿಯ ದಿನ. ನಿಯಮ ಮುರಿಯಿತೆಂದು ಸಭಾಮಂದಿರದ ಮುಖ್ಯಸ್ಥನಿಗೆ ಸಿಟ್ಟು ಬಂತು. ಇದೇ ದಿನ ಎತ್ತಿನ ಹಗ್ಗ ಬಿಚ್ಚಿ ನೀರು ಕುಡಿಸೋರು, ಈ ತಾಯಿಯ ಕಟ್ಟು ಬಿಚ್ಚಬಾರದಾ ಅಂತ ಯೇಸು ಕೇಳಿದರು.

ನಿಯಮವೇ ಬೇಡ ಅಂತಲ್ಲ. ಆಳಿಗೂ ಎತ್ತಿಗೂ ವಿಶ್ರಾಂತಿ ಸಿಗಲಿ ಅಂತಲೇ ಸಬ್ಬತ್ ಇರೋದು. ದಯೆಗಾಗಿ ಬಂದ ನಿಯಮ ದಯೆಗೇ ಅಡ್ಡ ನಿಲ್ಲಬಹುದಾ?

ಚರ್ಚಿಗೆ ಯಾರಾದರೂ ತಡವಾಗಿ ಬಂದರೆ, ಪ್ರಾರ್ಥನೆ ತಪ್ಪಾಗಿ ಹೇಳಿದರೆ, ತಿರುಗಿ ಗುರಾಯಿಸಬೇಡಿ. ತಿದ್ದೋದು ಆಮೇಲೆ ಇದ್ದೇ ಇದೆ. ಮೊದಲು ಸ್ವಲ್ಪ ಸರಿದು ಕೂರೋಕೆ ಜಾಗ ಕೊಡಿ.