ನಕ್ಷತ್ರಗಳಿಗೆ ಗಡೀಪಾರು

ಕಳೆದ ವೈಶಾಖದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಗೆ ಹೋಗಿದ್ದೆ. ವೈಟ್‌ಫೀಲ್ಡಿನ ಆಚೆ, ದೊಡ್ಡ ರಸ್ತೆಯ ಪಕ್ಕದ ಹೊಸ ಕಲ್ಯಾಣಮಂಟಪ. ಊಟ ಉಪಚಾರಗಳಿಗೆ ಏನೊಂದೂ ಕೊರತೆ ಇರಲಿಲ್ಲ. ಕತ್ತಲಾದ ಮೇಲೆ ಪುರೋಹಿತರು ವಧೂವರರನ್ನು ಅಂಗಳಕ್ಕೆ ಕರೆತಂದು, ಉತ್ತರಕ್ಕೆ ಕೈ ನೀಡಿ, "ಅಗೋ ವಸಿಷ್ಠರು, ಪಕ್ಕದಲ್ಲೇ ಅರುಂಧತಿ. ಕಂಡಳೇನಮ್ಮ?" ಎಂದರು. ಅವರು ಕೈ ನೀಡಿದ ಕಡೆ ಇದ್ದದ್ದು ಎತ್ತರದ ಕಂಬವೊಂದರ ತುದಿಯಲ್ಲಿ ಉರಿಯುತ್ತಿದ್ದ ದೀಪಗಳ ಗೊಂಚಲು. ಹುಡುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಇಲ್ಲವಲ್ಲ" ಎಂದಳು. "ಕಂಡಿತು ಅನ್ನಮ್ಮ, ಹೊತ್ತಾಗುತ್ತೆ" ಎಂದರು ಪುರೋಹಿತರು. ಹುಡುಗಿ "ಕಂಡಿತು" ಎಂದಳು. ನೆರೆದವರೆಲ್ಲ ನಕ್ಕರು.

ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ಆ ನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಸತ್ಯದ ಮೇಲೆ ನಿಲ್ಲಬೇಕಾದ ಒಂದು ಸಂಸಾರ ಸುಳ್ಳೊಂದರಿಂದ ಮೊದಲಾಯಿತು. ಹುಡುಗಿಯದು ತಪ್ಪಲ್ಲ, ಪುರೋಹಿತರದೂ ಅಲ್ಲ. ತಪ್ಪು ಆ ದೀಪದ್ದು. ದೀಪದ್ದೂ ಅಲ್ಲ, ಅದನ್ನು ಹಾಗೆ ಕಟ್ಟಿದವರದು, ಕಟ್ಟಿದ್ದನ್ನು ಕಂಡು ಸುಮ್ಮನಿದ್ದ ನಮ್ಮೆಲ್ಲರದು.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ನಕ್ಷತ್ರ ನೋಡುವುದು ನನ್ನ ಕಸುಬಲ್ಲ, ಚಟ. ಕಾಡುಗೋಡಿಯ ಕಡೆ ನಾನು ಪುಟ್ಟ ಮನೆ ಕಟ್ಟಿಕೊಂಡದ್ದು 2011ರಲ್ಲಿ. ಅಂದು ಹಿತ್ತಿಲಿನಿಂದ ಆಕಾಶಗಂಗೆ ಕಾಣುತ್ತಿತ್ತೆಂದರೆ ಅತಿಶಯೋಕ್ತಿಯಾದೀತು. ಆದರೆ ಕೃತ್ತಿಕೆಯ ಆರು ಚುಕ್ಕೆಗಳನ್ನು ಎಣಿಸಬಹುದಾಗಿತ್ತು. ಮಾಗಿಯ ರಾತ್ರಿ ತೆಂಕಣ ದಿಕ್ಕಿನಲ್ಲಿ ಅಗಸ್ತ್ಯ ಮಿನುಗುತ್ತಿದ್ದ. ಸಾಲ ಮಾಡಿ ಕೊಂಡ ಸಣ್ಣ ದೂರದರ್ಶಕದಲ್ಲಿ ಶನಿಯ ಬಳೆಯನ್ನು ಮೊದಲ ಸಲ ಕಂಡ ರಾತ್ರಿ ನನ್ನ ಮಗಳು, "ಅಪ್ಪ, ಯಾರೋ ಅಂಟಿಸಿದ ಹಾಗಿದೆ" ಎಂದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಎರಡು ವರ್ಷಗಳ ಹಿಂದೆ ನಮ್ಮ ಬೀದಿಯ ಹಳದಿ ದೀಪಗಳು ಹೋಗಿ ಬಿಳಿಯ ಎಲ್‌ಇಡಿ ದೀಪಗಳು ಬಂದುವು. ಅದರಲ್ಲೊಂದು ನಮ್ಮ ಕಾಂಪೌಂಡಿಗೆ ಒತ್ತಿಕೊಂಡೇ ನಿಂತಿದೆ. ಅದರ ಮುಖ ರಸ್ತೆಯ ಕಡೆಗಿಲ್ಲ, ಮೇಲಕ್ಕೆ ಓರೆಯಾಗಿದೆ. ಅರ್ಧ ಬೆಳಕು ಆಕಾಶಕ್ಕೆ, ಕಾಲುಪಾಲು ನನ್ನ ಹಿತ್ತಿಲಿಗೆ. ಉಳಿದದ್ದು, ಅದಕ್ಕೆ ಮನಸ್ಸು ಬಂದರೆ, ರಸ್ತೆಗೆ. ನಮ್ಮ ಕರಿಬೇವಿನ ಗಿಡದ ಎಲೆಗಳನ್ನು ನಡುರಾತ್ರಿಯಲ್ಲಿ ಒಂದೊಂದಾಗಿ ಎಣಿಸಬಹುದು. ನಕ್ಷತ್ರಗಳನ್ನು ಎಣಿಸಲು ಮಾತ್ರ ಒಂದು ಕೈಯ ಬೆರಳು ಸಾಕು.

ಸುಮ್ಮನೆ ಕೂರಲಿಲ್ಲ. ಹಿತ್ತಿಲಲ್ಲಿ ಎರಡು ಗಳು ನೆಟ್ಟು ಕರಿಯ ಕಂಬಳಿ ಕಟ್ಟಿದೆ. ಬೀದಿಯವರು ಬಂದು, "ಏನು ಮೇಷ್ಟ್ರೆ, ಮನೆಯಲ್ಲಿ ಏನಾದರೂ ವಿಶೇಷವೆ?" ಎಂದು ಕೇಳಿದರು. ಅರ್ಜಿ ಬರೆದುಕೊಂಡು ಸಂಬಂಧಪಟ್ಟ ಕಚೇರಿಗೂ ಹೋದೆ. ಅಲ್ಲಿನ ಅಧಿಕಾರಿಗಳು ಸಜ್ಜನರು. ಕೂರಿಸಿ ಕಾಫಿ ತರಿಸಿದರು. ಅರ್ಜಿಯನ್ನು ಎರಡು ಸಲ ಓದಿ, "ಸಾರ್, ದೀಪ ಹಾಕಿಸಿಕೊಡಿ ಅಂತ ದಿನಾ ನೂರು ಜನ ಬರ್ತಾರೆ. ದೀಪ ಜಾಸ್ತಿ ಆಯಿತು ಅಂತ ಬಂದವರು ನೀವೊಬ್ಬರೇ. ಕನ್ನಡ ಮೇಷ್ಟ್ರಾಗಿ ಬೆಳಕು ಬೇಡ ಅನ್ನಬಹುದೆ?" ಎಂದರು. ಗೋಡೆಯ ಮೇಲೆ, ಕತ್ತಲೆಯಿಂದ ಬೆಳಕಿನ ಕಡೆಗೆ ಕರೆದೊಯ್ಯೆಂಬ ಉಪನಿಷತ್ತಿನ ಪ್ರಾರ್ಥನೆಯನ್ನು ಚೌಕಟ್ಟು ಹಾಕಿ ತೂಗಿದ್ದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಅಂದು ಕೊಡಲಾಗದ ಉತ್ತರವನ್ನು ಇಂದು ಕೊಡುತ್ತೇನೆ. ಸ್ವಾಮಿ, ನಾನು ಬೆಳಕಿನ ವೈರಿಯಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದದ್ದು ಈ ನಾಡಿನ ಹೆಮ್ಮೆ. ಆ ಹೆಮ್ಮೆಯಲ್ಲಿ ನನಗೂ ಪಾಲುಂಟು. ಉಪನಿಷತ್ತಿನ ಋಷಿ ಬೇಡಿದ್ದು ಅಜ್ಞಾನದ ಕತ್ತಲೆ ಹೋಗಲೆಂದು. ರಾತ್ರಿಯನ್ನು ರದ್ದುಮಾಡೆಂದು ಆತ ಯಾರಿಗೂ ಅರ್ಜಿ ಹಾಕಿಕೊಂಡಿರಲಿಲ್ಲ. ಆತನೇ ನಕ್ಷತ್ರ ನೋಡಿ ಕಾಲ ಅಳೆದ ಜನರ ನಡುವಿನವನು. ಕಣ್ಣು ಕುಕ್ಕುವುದನ್ನೇ ಬೆಳಕೆಂದು ತಿಳಿಯುವುದೂ ಒಂದು ಬಗೆಯ ಕತ್ತಲೆಯೇ ಅಲ್ಲವೆ?

ಇನ್ನೊಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. "ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳ ಗತಿಯೇನು? ನಿಮ್ಮ ಚುಕ್ಕೆಗಳಿಗಾಗಿ ಅವರು ಕತ್ತಲಲ್ಲಿ ನಡೆಯಬೇಕೆ?" ಎಂಬುದು. ನಡೆಯಬಾರದು. ಒಬ್ಬ ಹೆಣ್ಣುಮಗಳ ನಿರ್ಭಯದ ಮುಂದೆ ನನ್ನ ಶನಿಯ ಬಳೆ ದೊಡ್ಡದಲ್ಲ. ಆದ್ದರಿಂದಲೇ ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ರಾತ್ರಿ ಹತ್ತಕ್ಕೆ ಹಿಂತಿರುಗುವ ಹೆಣ್ಣುಮಗಳನ್ನೇ ಕೇಳಿದೆ. ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಮೇಷ್ಟ್ರೆ, ನಿಮ್ಮನೆ ಹತ್ರದ ದೀಪ ಕಣ್ಣಿಗೇ ಹೊಡೆಯುತ್ತೆ. ಅದನ್ನ ದಾಟಿ ಮೋರಿ ಹತ್ರ ಬಂದರೆ ಒಂದು ಗಳಿಗೆ ಏನೂ ಕಾಣಲ್ಲ. ಅಲ್ಲಿ ಯಾರಾದರೂ ನಿಂತಿದ್ದರೂ ಗೊತ್ತಾಗಲ್ಲ. ಆ ಕಡೆ ಕಂಬದಲ್ಲಿ ದೀಪ ಕೆಟ್ಟು ಎಷ್ಟೋ ದಿನ ಆಯ್ತು."

ದೀಪದ ಬುಡದಲ್ಲಿ ಕತ್ತಲೆ ಎಂಬ ನಮ್ಮ ಗಾದೆ ಎಣ್ಣೆಯ ಹಣತೆಯನ್ನು ಕಂಡು ಹುಟ್ಟಿದ್ದು. ಅದು ಎಲ್‌ಇಡಿಗೂ ಒಪ್ಪುತ್ತದೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿನ ಧರ್ಮವೇ ಹಾಗೆ: ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅದಕ್ಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಪ್ರಖರವಾದ ಬೆಳಕು ನೇರವಾಗಿ ಬಿದ್ದರೆ ಪಾಪೆ ಕ್ಷಣದಲ್ಲಿ ಕಿರಿದಾಗುತ್ತದೆ, ನೆರಳಿನಲ್ಲಿರುವುದು ಇನ್ನಷ್ಟು ಕಪ್ಪಾಗುತ್ತದೆ. ಮರೆಯಿಲ್ಲದ ದೀಪ ಕಳ್ಳನನ್ನು ತೋರಿಸುವುದಿಲ್ಲ, ಅಡಗಿಸುತ್ತದೆ. ಆ ಹೆಣ್ಣುಮಗಳಿಗೆ ಬೇಕಾದುದೂ ನನಗೆ ಬೇಕಾದುದೂ ಒಂದೇ: ರಸ್ತೆಯ ಮೇಲೆ ಬೀಳುವ, ಕಣ್ಣಿಗೆ ಹೊಡೆಯದ ದೀಪ.

ಇಲ್ಲಿ ಎರಡು ಕೇಡುಗಳಿವೆ, ಬೆರಸಬಾರದು. ಒಂದು, ನನ್ನ ಹಿತ್ತಿಲಿಗೆ ನೇರವಾಗಿ ನುಗ್ಗುವ ಬೆಳಕು. ಇದಕ್ಕೆ ನನ್ನ ಕಂಬಳಿ ಸಾಕು. ಇನ್ನೊಂದು, ಊರಿನ ದೀಪಗಳೆಲ್ಲ ಮೇಲಕ್ಕೆ ಚೆಲ್ಲಿದ ಬೆಳಕು ಗಾಳಿಯ ಕಣಗಳಿಗೂ ದೂಳಿಗೂ ತಾಕಿ ಚದುರಿ ಆಕಾಶಕ್ಕೆಲ್ಲ ಬೂದಿ ಬಳಿಯುವುದು. ಇದನ್ನು ಮರೆಮಾಡುವ ಕಂಬಳಿಯನ್ನು ಯಾವ ಕುರುಬನೂ ನೇಯ್ದಿಲ್ಲ. ನೀಲಿ ಬೆಳಕು ಕೆಂಪಿಗಿಂತ ಬಹಳ ಹೆಚ್ಚು ಚದುರುತ್ತದೆ. ಹಗಲಿನ ಬಾನು ನೀಲಿಯಾಗಿರುವುದಕ್ಕೂ ಇದೇ ಕಾರಣ. ಹಳದಿಯ ಸೋಡಿಯಂ ದೀಪ ತೆಗೆದು ನೀಲಿ ಬೆರೆತ ಬಿಳಿ ದೀಪ ಇಟ್ಟಾಗ ನಾವು ವಿದ್ಯುತ್ತನ್ನು ಉಳಿಸಿದೆವು, ನಿಜ, ರಾತ್ರಿಯನ್ನು ಕಳೆದುಕೊಂಡೆವು. ಜಗತ್ತಿನ ನಾನಾ ಕಡೆಯ ಸಾಮಾನ್ಯ ಜನರು 2011ರಿಂದ 2022ರವರೆಗೆ ಬರಿಗಣ್ಣಿನಿಂದ ನೋಡಿ ಬರೆದಿಟ್ಟ ಐವತ್ತೊಂದು ಸಾವಿರಕ್ಕೂ ಹೆಚ್ಚು ವೀಕ್ಷಣೆಗಳನ್ನು ವಿಜ್ಞಾನಿಗಳು 2023ರಲ್ಲಿ ತಾಳೆ ನೋಡಿದರು. ಇರುಳಿನ ಬಾನು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಬೆಳಗಾಗುತ್ತಿದೆಯಂತೆ. ಇದೇ ಗತಿಯಾದರೆ ಇನ್ನೂರೈವತ್ತು ನಕ್ಷತ್ರಗಳ ಕೆಳಗೆ ಹುಟ್ಟಿದ ಕೂಸು ಹದಿನೆಂಟಕ್ಕೆ ಬರುವಾಗ ಅಲ್ಲಿ ಉಳಿದಿರುವುದು ನೂರು.

"ಉಳಿದರೇನು, ಹೋದರೇನು?" ಎನ್ನುವವರಿಗೆ ಕನ್ನಡದ ಮೇಷ್ಟ್ರಾಗಿ ಒಂದು ಮಾತು. ನಮ್ಮ ರೈತ ಮಳೆಗಳಿಗೆ ಇಟ್ಟ ಹೆಸರು ಯಾವುವು? ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ. ಬೆಳಗಿನ ಜಾವಕ್ಕೆ ನಮ್ಮಜ್ಜಿ ಹೇಳುತ್ತಿದ್ದ ಮಾತು, "ಬೆಳ್ಳಿ ಮೂಡಿತು, ಏಳಿ." ತರಗತಿಯಲ್ಲಿ ಕೃತ್ತಿಕೆ ಎಂದರೇನೆಂದು ಕೇಳಿದರೆ ಮೂವತ್ತು ಮಂದಿಯಲ್ಲಿ ಒಬ್ಬರು, "ನಮ್ಮ ಚಿಕ್ಕಮ್ಮನ ಹೆಸರು ಸಾರ್" ಎನ್ನುತ್ತಾರೆ. ಮಕ್ಕಳನ್ನು ಬೈದು ಫಲವಿಲ್ಲ. ಪದಾರ್ಥವೇ ಕಣ್ಣಿಗೆ ಬೀಳದಿದ್ದರೆ ಪದ ಎಷ್ಟು ದಿನ ಬದುಕೀತು? ಕನ್ನಡಕ್ಕೆ ಅಪಾಯ ಇಂಗ್ಲಿಷಿನಿಂದ ಎಂದು ಸಭೆ ಕೂಡಿಸುತ್ತೇವೆ. ನಮ್ಮ ಕಂಬದ ದೀಪದಿಂದಲೂ ಅಪಾಯವುಂಟೆಂದು ಯಾರೂ ಠರಾವು ಮಾಡಿಲ್ಲ.

ನಮ್ಮ ಶಾಸನಗಳಲ್ಲಿ ದತ್ತಿ ಬಿಟ್ಟವರು "ಆಚಂದ್ರಾರ್ಕತಾರಂಬರಂ" ಎಂದು ಕೊರೆಸುತ್ತಿದ್ದರು. ಚಂದ್ರ, ಸೂರ್ಯ, ತಾರೆಗಳು ಇರುವವರೆಗೂ ಈ ದಾನ ನಡೆಯಲಿ ಎಂದರ್ಥ. ಅವರು ತಮ್ಮ ರಾಜ್ಯವನ್ನು ಸಾಕ್ಷಿಗೆ ಕರೆಯಲಿಲ್ಲ. ಅದು ಅಳಿಯುವುದೆಂದು ಬಲ್ಲರು. ಅಳಿಯದ ಮೂವರನ್ನು ಕರೆದರು. ಆ ಮೂವರಲ್ಲಿ ಒಬ್ಬರನ್ನು ನಾವು ಊರಿನಿಂದಾಚೆಗೆ ಗಡೀಪಾರು ಮಾಡಿದ್ದೇವೆ, ವಿಚಾರಣೆಯಿಲ್ಲದೆ.

ಈ ಮಾತು ಬರಿಯ ಕಾವ್ಯವಲ್ಲ. ನಮ್ಮ ವೈಟ್‌ಫೀಲ್ಡಿನ ನೆರೆಯ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕೇಂದ್ರವೊಂದಿದೆ. ಅಲ್ಲಿಂದ ವಿಜ್ಞಾನಿಗಳು ಉಪಗ್ರಹದ ಸಂಪರ್ಕದ ಮೂಲಕ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರು ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ನಡೆಸುತ್ತಾರೆ. ನಮ್ಮ ಪಕ್ಕದ ಊರಿನಲ್ಲಿ ಕುಳಿತು ಹಿಮಾಲಯದಾಚೆಯ ಆಕಾಶವನ್ನು ನೋಡಬಹುದು; ತಲೆಯ ಮೇಲಿನದನ್ನು ನೋಡಲಾಗದು! ಅದೇ ಹಾನ್ಲೆಯ ಸುತ್ತ 2022ರಲ್ಲಿ ಕತ್ತಲೆಯ ಆಕಾಶಕ್ಕೆಂದೇ ರಕ್ಷಿತ ಪ್ರದೇಶವನ್ನು ಗೊತ್ತುಮಾಡಿದರು. ಅಲ್ಲಿಯ ಹಳ್ಳಿಗರು ದೀಪಕ್ಕೆ ಮರೆ ಕಟ್ಟಿ, ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟು, ನಕ್ಷತ್ರ ತೋರಿಸುವ ವಿದ್ಯೆಯನ್ನೂ ಕಲಿತಿದ್ದಾರೆ. ಅಮೆರಿಕದ ಫ್ಲಾಗ್‌ಸ್ಟಾಫ್ ಎಂಬ ಊರು 1958ರಷ್ಟು ಹಿಂದೆಯೇ ಆಕಾಶಕ್ಕೆ ಬೆಳಕು ಬೀರುವ ಜಾಹೀರಾತಿನ ದೀಪಗಳನ್ನು ತಡೆಯಿತು. ಫ್ರಾನ್ಸ್ 2018ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕಟ್ಟಳೆ ತಂದಿತು. ಅಲ್ಲೆಲ್ಲ ಜನ ಕತ್ತಲಲ್ಲಿ ಎಡವಿ ಬಿದ್ದರೆಂದು ಯಾರೂ ದೂರಿಲ್ಲ.

ನಾನು ಕೇಳುವುದಾದರೂ ಏನು? ದೀಪಕ್ಕೆ ಒಂದು ತಗಡಿನ ಟೋಪಿ, ಬೆಳಕು ಕೆಳಕ್ಕೆ ಮಾತ್ರ ಬೀಳುವಂತೆ. ಬೂದುಬಿಳಿ ಬೇಡ, ಮೂರು ಸಾವಿರ ಕೆಲ್ವಿನ್ ಮೀರದ ಬೆಚ್ಚನೆಯ ಬಣ್ಣ. ಹನ್ನೊಂದರ ಮೇಲೆ ಸಂಚಾರವಿಲ್ಲದ ಬೀದಿಗಳಲ್ಲಿ ತುಸು ಮಂದ. ಎಲ್‌ಇಡಿಗೆ ಇದು ಕಷ್ಟವಲ್ಲ. ಕೆಟ್ಟ ದೀಪಗಳನ್ನು ಮೊದಲು ಸರಿಪಡಿಸಲಿ, ಮೋರಿಯ ಹತ್ತಿರದ್ದನ್ನು ಎಲ್ಲಕ್ಕಿಂತ ಮೊದಲು. ಇನ್ನು ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳಲ್ಲಿ ಯಾರೂ ಇಲ್ಲದ ಅಂತಸ್ತುಗಳು, ಪೀಣ್ಯದ ಕಾರ್ಖಾನೆಗಳ ಖಾಲಿ ಅಂಗಳಗಳು, ರಸ್ತೆಯುದ್ದದ ಜಾಹೀರಾತಿನ ಹಲಗೆಗಳು ಇರುಳೆಲ್ಲ ಉರಿಯುತ್ತಿವೆಯಲ್ಲ, ಅವು ಯಾವ ಹೆಣ್ಣುಮಗಳಿಗೆ ದಾರಿ ತೋರುತ್ತಿವೆ? ಅವನ್ನು ಆರಿಸಿದರೆ ನಷ್ಟ ಯಾರಿಗೆ? ಈಚೆಗೆ ಬೆಂಗಳೂರಿಗೆ ಒಂದರ ಬದಲು ಐದು ನಗರಪಾಲಿಕೆಗಳಾಗಿವೆ. ಐದರಲ್ಲಿ ಒಂದಾದರೂ ಈ ಟೋಪಿ ಹಾಕಿ ಮೇಲ್ಪಂಕ್ತಿಯಾಗಲಿ. ಜನಕ್ಕೆ ಟೋಪಿ ಹಾಕಿದ್ದು ಸಾಕು, ದೀಪಕ್ಕೆ ಹಾಕಲಿ.

ಮೊನ್ನೆ ಒಂದು ರಾತ್ರಿ ಟ್ರಾನ್ಸ್‌ಫಾರ್ಮರು ಕೆಟ್ಟು ನಮ್ಮ ಬಡಾವಣೆಯೆಲ್ಲ ಕತ್ತಲಾಯಿತು. ಹಿತ್ತಿಲಿಗೆ ಓಡಿದೆ. ಊರಿನ ಬೂದಿ ಪಡುವಣದಲ್ಲಿ ಇದ್ದೇ ಇತ್ತು. ಆದರೂ ಕಣ್ಣು ಹೊಂದಿಕೊಳ್ಳುತ್ತಲೇ ಉತ್ತರದಲ್ಲಿ ಸಪ್ತರ್ಷಿಗಳು ಮೂಡಿದರು. ವಸಿಷ್ಠರ ಪಕ್ಕದಲ್ಲಿ, ಸೆರಗಿನ ಮರೆಯಿಂದ ಇಣುಕಿದಂತೆ, ಅರುಂಧತಿ. ಮಗಳನ್ನು ಕೂಗುವಷ್ಟರಲ್ಲಿ ಕರೆಂಟು ಬಂತು. ಬೀದಿಯೆಲ್ಲ ಹೋ ಎಂದು ಹರ್ಷಿಸಿತು.

ಆಕೆ ಎಲ್ಲಿಗೂ ಹೋಗಿಲ್ಲ, ಅಲ್ಲಿಯೇ ಇದ್ದಾಳೆ. ನಮ್ಮ ಬೀದಿಯ ದೀಪಗಳಿಗೆ ಟೋಪಿ ಬಂದ ದಿನ ಆ ಹೊಸ ದಂಪತಿಗಳನ್ನು ಮನೆಗೆ ಊಟಕ್ಕೆ ಕರೆಯಬೇಕೆಂದಿದ್ದೇನೆ. ಅವರ ಮದುವೆಯಲ್ಲಿ ಒಂದು ಶಾಸ್ತ್ರ ಬಾಕಿ ಉಳಿದಿದೆ.